ಆರೋಗ್ಯಕ್ಕೆಂದು ಚಾಕೊಲೇಟ್ ತಿನ್ನುವವರಿಗೆ: ಯಾವುದು, ಎಷ್ಟು, ಹೇಗೆ

"ಡಾರ್ಕ್ ಚಾಕೊಲೇಟ್ ಹೃದಯಕ್ಕೆ ಒಳ್ಳೆಯದಂತೆ, ನಿಜವಾ?" "ಬಿಪಿ ಮಾತ್ರೆ ತಗೊಳ್ತಿದ್ದೀನಿ, ತಿನ್ನಬಹುದಾ?" "ಶುಗರ್ ಇರೋರಿಗೆ ಯಾವುದು ವಾಸಿ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವೇ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಓದಿದವರು ಅಂಗಡಿಯಲ್ಲಿ ತಪ್ಪು ಪೊಟ್ಟಣ ಎತ್ತಿಕೊಳ್ಳುತ್ತಾರೆ. ಚಾಕೊಲೇಟ್ ಎಂದು ಮಾರುವ ವಸ್ತುಗಳಲ್ಲಿ ಕೋಕೋ ಹೆಚ್ಚಿರುವುದೂ ಉಂಟು, ಹೆಸರಿಗಷ್ಟೇ ಇರುವುದೂ ಉಂಟು. ಗುಣವಿರುವುದು ಕೋಕೋದಲ್ಲಿ, ಅದರಲ್ಲೂ ಕೊಬ್ಬು ಬಿಟ್ಟು ಉಳಿಯುವ ಕಹಿ-ಒಗರಿನ ಕಂದು ಭಾಗದಲ್ಲಿ. ಆ ಭಾಗವನ್ನು ಹುಡುಕಿ, ತೂಕ ಮಾಡಿ, ಬೇರೊಂದು ಸಿಹಿಯ ಜಾಗದಲ್ಲಿ ತಿನ್ನುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಮೊದಲು, ಎಷ್ಟು ನಿರೀಕ್ಷಿಸಬಹುದು?

ಕೋಕೋ ಬೀಜದಲ್ಲಿ ಫ್ಲೇವನಾಲ್ ಎಂಬ ವಸ್ತುಗಳಿವೆ. ಚಹಾದ ಒಗರಿಗೂ ಅಡಿಕೆಯ ಒಗರಿಗೂ ಕಾರಣವಾದ ವಸ್ತುಗಳ ಬಳಗವೇ ಇದು. ಇವುಗಳಲ್ಲಿ ಮುಖ್ಯವಾದದ್ದು ಎಪಿಕ್ಯಾಟೆಚಿನ್. ರಕ್ತನಾಳದ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೆಚ್ಚು ತಯಾರಿಸುವಂತೆ ಇದು ಮಾಡುತ್ತದೆ. ಆ ಅನಿಲ ತಾಗಿದಾಗ ನಾಳದ ಗೋಡೆಯ ಸ್ನಾಯು ಸಡಿಲವಾಗುತ್ತದೆ, ನಾಳ ಅಗಲವಾಗುತ್ತದೆ.

ಈ ವಿಷಯದತ್ತ ವಿಜ್ಞಾನಿಗಳ ಗಮನ ಸೆಳೆದವರು ಪನಾಮಾ ದೇಶದ ಸಾನ್ ಬ್ಲಾಸ್ ದ್ವೀಪಗಳ ಕುನಾ ಜನ. ಅವರು ದಿನವೂ ಕೋಕೋ ಕುಡಿಯುತ್ತಿದ್ದರು, ವಯಸ್ಸಾದರೂ ಬಿಪಿ ಏರುತ್ತಿರಲಿಲ್ಲ. ಅದೇ ಜನ ಪನಾಮಾ ನಗರಕ್ಕೆ ಬಂದು ನೆಲೆಸಿದಾಗ ಬಿಪಿ ಏರತೊಡಗಿತು. ಹಾರ್ವರ್ಡ್‌ನ ವೈದ್ಯ ನಾರ್ಮನ್ ಹೊಲೆನ್‌ಬರ್ಗ್ ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಆದರೆ ಊರು ಬದಲಾದರೆ ಊಟ, ಉಪ್ಪು, ಓಡಾಟ ಎಲ್ಲವೂ ಬದಲಾಗುತ್ತದೆ. ಹಾಗಾಗಿ ಇದೊಂದನ್ನೇ ಸಾಕ್ಷಿ ಎನ್ನಲಾಗದು. ಆಮೇಲೆ ನಡೆದ ಪ್ರಯೋಗಗಳು ಹೇಳಿದ್ದು ಹೀಗೆ:

ಬಿಪಿ: 35 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಸಂಸ್ಥೆಯ 2017ರ ವಿಮರ್ಶೆಯಲ್ಲಿ ಸರಾಸರಿ ಇಳಿಕೆ 2 ಅಂಕಕ್ಕಿಂತ ತುಸು ಕಡಿಮೆ. ಮೊದಲೇ ಬಿಪಿ ಹೆಚ್ಚಿದ್ದವರಲ್ಲಿ ಮೇಲಿನ ಅಂಕ ಸುಮಾರು 4 ಇಳಿದಿತ್ತು. ಮನೆಯ ಬಿಪಿ ಯಂತ್ರ ಐದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿದಾಗ ತೋರಿಸುವ ವ್ಯತ್ಯಾಸವೇ ಇದಕ್ಕಿಂತ ಹೆಚ್ಚಿರುತ್ತದೆ. ಇದು ಮಾತ್ರೆಯ ಜಾಗ ತುಂಬುವಂಥದ್ದಲ್ಲ.

ಹೃದಯ: ಅಮೆರಿಕದಲ್ಲಿ 21,442 ಹಿರಿಯರ ಮೇಲೆ ನಡೆದ ಕಾಸ್ಮಾಸ್ ಎಂಬ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್ ತೆಗೆದುಕೊಂಡವರಲ್ಲಿ ಹೃದಯ-ರಕ್ತನಾಳದ ಕಾಯಿಲೆಯಿಂದಾದ ಸಾವು ಶೇ. 27ರಷ್ಟು ಕಡಿಮೆ ಕಂಡಿತು. ಆದರೆ ಪ್ರಯೋಗದ ಮುಖ್ಯ ಪ್ರಶ್ನೆಯಾಗಿದ್ದ ಹೃದಯಾಘಾತ, ಪಾರ್ಶ್ವವಾಯು ಮುಂತಾದವುಗಳ ಒಟ್ಟು ಎಣಿಕೆಯಲ್ಲಿ ಕಂಡದ್ದು ಶೇ. 10ರ ಇಳಿಕೆ. ಅದು ಕಾಕತಾಳೀಯವಲ್ಲ ಎನ್ನುವಷ್ಟು ಗಟ್ಟಿಯಾಗಿರಲಿಲ್ಲ. ಇನ್ನೊಂದು ಮಾತು ಪತ್ರಿಕೆಗಳ ತಲೆಬರಹದಲ್ಲಿ ಬರಲೇ ಇಲ್ಲ: ಅವರಿಗೆ ಕೊಟ್ಟದ್ದು ಕೋಕೋ ಸಾರದ ಕ್ಯಾಪ್ಸೂಲ್, ಚಾಕೊಲೇಟ್ ಅಲ್ಲ. ಚಾಕೊಲೇಟ್ ತಯಾರಿಸುವ ಮಾರ್ಸ್ ಕಂಪನಿ ಈ ಪ್ರಯೋಗಕ್ಕೆ ಭಾಗಶಃ ಹಣ ಕೊಟ್ಟಿತ್ತು ಎಂಬುದೂ ಗೊತ್ತಿರಲಿ.

ಸಕ್ಕರೆ ಕಾಯಿಲೆ: 2024ರ ಡಿಸೆಂಬರಿನಲ್ಲಿ ಬಿಎಂಜೆ ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ, ವಾರಕ್ಕೆ ಐದು ಅಥವಾ ಹೆಚ್ಚು ಸಲ ಡಾರ್ಕ್ ಚಾಕೊಲೇಟ್ ತಿನ್ನುವವರಲ್ಲಿ ಟೈಪ್ 2 ಮಧುಮೇಹ ಬರುವುದು ಶೇ. 21ರಷ್ಟು ಕಡಿಮೆ. ಮಿಲ್ಕ್ ಚಾಕೊಲೇಟ್ ತಿನ್ನುವವರಲ್ಲಿ ಆ ಲಾಭವಿರಲಿಲ್ಲ, ತೂಕ ಮಾತ್ರ ಏರಿತ್ತು. ಇದು ಜನರ ಅಭ್ಯಾಸವನ್ನು ದೂರದಿಂದ ಗಮನಿಸಿದ ಅಧ್ಯಯನ. ಡಾರ್ಕ್ ತಿನ್ನುವವರು ಬೇರೆ ವಿಷಯದಲ್ಲೂ ಹಿತಮಿತವಾಗಿ ಇರುವವರಾಗಿರಬಹುದು. ಕಾಯಿಲೆ ಬಂದವರಿಗೆ ಚಾಕೊಲೇಟ್ ಔಷಧಿ ಎಂದು ಅದು ಹೇಳಿಲ್ಲ.

ಒಟ್ಟಿನಲ್ಲಿ ಲಾಭವಿದೆ, ಅದು ಸಣ್ಣದು. ಕೆಳಗಿನ ಹಂತಗಳಲ್ಲಿ ಒಂದು ತಪ್ಪಿದರೂ ಆ ಸಣ್ಣ ಲಾಭವನ್ನು ಸಕ್ಕರೆ ನುಂಗಿಹಾಕುತ್ತದೆ.

ಬೇಕಾಗುವುದು

ಒಂದು ಗ್ರಾಂ ಲೆಕ್ಕದಲ್ಲಿ ತೋರಿಸುವ ಅಡುಗೆ ತಕ್ಕಡಿ, ಸಣ್ಣ ಅಕ್ಷರ ಓದಲು ಕನ್ನಡಕ ಅಥವಾ ಮೊಬೈಲ್ ಕ್ಯಾಮೆರಾ, ಗಾಳಿಯಾಡದ ಒಂದು ಡಬ್ಬಿ. ಬಿಪಿ ಅಥವಾ ಶುಗರ್ ಇದ್ದವರಿಗೆ ಮನೆಯ ಯಂತ್ರ. ಇಷ್ಟೇ ಸಾಕು.

ಹಂತ 1: ನಿಮಗೆ ಆಗಿಬರುತ್ತದೆಯೇ ನೋಡಿ

ಅಂಗಡಿಗೆ ಹೋಗುವ ಮುಂಚಿನ ಕೆಲಸ ಇದು.

ಮೂತ್ರಪಿಂಡದಲ್ಲಿ ಕಲ್ಲು ಆದವರು, ಅದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಎಂದು ವರದಿ ಬಂದವರು, ದಿನನಿತ್ಯ ಕೋಕೋ ತೆಗೆದುಕೊಳ್ಳಬಾರದು. ಕೋಕೋದಲ್ಲಿ ಆಕ್ಸಲೇಟ್ ಹೇರಳ. ಕಿಡ್ನಿ ತೊಂದರೆಯಿಂದಾಗಿ ಪೊಟ್ಯಾಸಿಯಂ ಮಿತಿ ಹಾಕಿಸಿಕೊಂಡವರೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಎದೆಯುರಿ, ಹುಳಿತೇಗು ಇದ್ದವರಿಗೆ ಚಾಕೊಲೇಟ್ ಅದನ್ನು ಹೆಚ್ಚಿಸಬಹುದು. ಅರೆತಲೆನೋವು ಇದ್ದವರಲ್ಲಿ ಕೆಲವರಿಗೆ ಇದು ನೋವನ್ನು ಕೆದಕುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಎರಡು ವಾರ ದಿನಾಂಕ ಬರೆದಿಟ್ಟು ನೋಡಿದರೆ ನಿಮ್ಮದು ಯಾವ ಬಗೆ ಎಂದು ತಿಳಿಯುತ್ತದೆ. ಎಂಎಒ ನಿರೋಧಕ ಎಂಬ ಹಳೆಯ ಬಗೆಯ ಖಿನ್ನತೆಯ ಮಾತ್ರೆ ಅಥವಾ ಉಬ್ಬಸಕ್ಕೆ ಥಿಯೋಫಿಲಿನ್ ತೆಗೆದುಕೊಳ್ಳುವವರು ಮೊದಲು ವೈದ್ಯರಿಗೆ ಹೇಳಬೇಕು.

ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ರಕ್ತಹೀನತೆಗೆ ಡಾರ್ಕ್ ಚಾಕೊಲೇಟ್ ಒಳ್ಳೆಯದು, ಅದರಲ್ಲಿ ಕಬ್ಬಿಣವಿದೆ ಎಂದು ಮನೆಯ ಹೆಣ್ಣುಮಕ್ಕಳಿಗೆ ಕೊಡುತ್ತಾರೆ. 20 ಗ್ರಾಂನಲ್ಲಿ ಸುಮಾರು 2 ಮಿಲಿಗ್ರಾಂ ಕಬ್ಬಿಣ ಇರುವುದು ನಿಜ. ಆದರೆ ಕೋಕೋದ ಅದೇ ಒಗರು ವಸ್ತುಗಳು ಕಬ್ಬಿಣವನ್ನು ಹಿಡಿದಿಟ್ಟು ಕರುಳು ಅದನ್ನು ಹೀರದಂತೆ ತಡೆಯುತ್ತವೆ. ಊಟದ ಜೊತೆ ಚಹಾ ಕುಡಿಯಬೇಡಿ ಎನ್ನುವುದೂ ಇದೇ ಕಾರಣಕ್ಕೆ. ಕಬ್ಬಿಣದ ಮಾತ್ರೆಗೂ ಚಾಕೊಲೇಟಿಗೂ ಎರಡು ಗಂಟೆಯ ಅಂತರವಿರಲಿ.

ಹಂತ 2: ಹೊದಿಕೆಯ ಹಿಂಬದಿ ಓದಿ

ಮುಂಬದಿಯಲ್ಲಿ "ಡಾರ್ಕ್", "ರಿಚ್", "ಇಂಟೆನ್ಸ್" ಎಂದು ಬರೆದಿರುವುದನ್ನು ಬಿಡಿ. ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಯಾವುದು ಹೆಚ್ಚೋ ಅದು ಮೊದಲು ಬರುತ್ತದೆ. ಪಟ್ಟಿ ಸಕ್ಕರೆಯಿಂದ ಶುರುವಾದರೆ ನಿಮ್ಮ ಕೈಯಲ್ಲಿರುವುದು ಕೋಕೋ ಬೆರೆಸಿದ ಸಕ್ಕರೆ. ವಾಪಸ್ ಇಡಿ.

ಮೊದಲ ಹೆಸರು ಕೋಕೋ ಮಾಸ್, ಕೋಕೋ ಲಿಕ್ಕರ್ ಅಥವಾ ಕೋಕೋ ಬೀನ್ಸ್ ಆಗಿರಬೇಕು. ಲಿಕ್ಕರ್ ಎಂದರೆ ಇಲ್ಲಿ ಮದ್ಯವಲ್ಲ. ಹುರಿದ ಕೋಕೋ ಬೀಜವನ್ನು ನುಣ್ಣಗೆ ಅರೆದಾಗ ಅದರ ಕೊಬ್ಬು ಕರಗಿ ಸಿಗುವ ಗಟ್ಟಿ ದ್ರವಕ್ಕೆ ಹಾಗೆನ್ನುತ್ತಾರೆ. ಮಾಸ್ ಎಂದರೂ ಅದೇ. ಇದನ್ನು ಯಂತ್ರದಲ್ಲಿ ಹಿಂಡಿದರೆ ಒಂದೆಡೆ ತಿಳಿಹಳದಿ ಕೊಬ್ಬು ಬರುತ್ತದೆ, ಅದು ಕೋಕೋ ಬೆಣ್ಣೆ. ಉಳಿದ ಹಿಂಡಿಯನ್ನು ಪುಡಿಮಾಡಿದರೆ ಕೋಕೋ ಪುಡಿ. ಫ್ಲೇವನಾಲ್ ಇರುವುದು ಈ ಹಿಂಡಿಯ ಭಾಗದಲ್ಲಿ. ಬಿಳಿ ಚಾಕೊಲೇಟ್ ಬರೀ ಕೋಕೋ ಬೆಣ್ಣೆ, ಹಾಲು, ಸಕ್ಕರೆಯಿಂದ ಆದದ್ದು. ಆರೋಗ್ಯದ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ.

ಈಗ ಶೇಕಡಾವಾರು. 70% ಎಂದರೆ ಬೀಜದಿಂದ ಬಂದದ್ದೆಲ್ಲ ಸೇರಿ 70 ಭಾಗ, ಕೋಕೋ ಬೆಣ್ಣೆಯೂ ಅದರೊಳಗೆ. ಹಾಲು ಹಾಕದ ಚಾಕೊಲೇಟಿನಲ್ಲಿ ಉಳಿದ 30 ಭಾಗ ಹೆಚ್ಚುಕಡಿಮೆ ಪೂರ್ತಿ ಸಕ್ಕರೆ. ಹಾಗಾಗಿ 100ರಿಂದ ಆ ಅಂಕಿಯನ್ನು ಕಳೆದರೆ 100 ಗ್ರಾಂಗೆ ಎಷ್ಟು ಸಕ್ಕರೆ ಎಂಬ ಅಂದಾಜು ಸಿಗುತ್ತದೆ. ಆದರೆ ಶೇಕಡಾ ಹೆಚ್ಚಾದ ಮಾತ್ರಕ್ಕೆ ಫ್ಲೇವನಾಲ್ ಹೆಚ್ಚಾಗಲೇಬೇಕೆಂದಿಲ್ಲ. ಬೆಣ್ಣೆಯನ್ನೇ ಹೆಚ್ಚು ಸೇರಿಸಿ 80% ಮುಟ್ಟಿಸಿದ ಬಾರ್‌ಗಿಂತ ಮಾಸ್ ಹೆಚ್ಚಿರುವ 70% ಬಾರ್ ಮೇಲು. ಪಟ್ಟಿಯಲ್ಲಿ ಕೋಕೋ ಬೆಣ್ಣೆ ಎಷ್ಟನೆಯದಾಗಿ ಬಂದಿದೆ ಎಂದು ನೋಡಿದರೆ ಗೊತ್ತಾಗುತ್ತದೆ.

ಮೂರು ವಿಷಯ ಕಂಡರೆ ಕೊಳ್ಳಬೇಡಿ:

ಒಂದು, ಕೋಕೋ ಬೆಣ್ಣೆಯ ಬದಲು ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್, ತಾಳೆ ಎಣ್ಣೆ. ಇದಕ್ಕೆ ಕಾಂಪೌಂಡ್ ಎನ್ನುತ್ತಾರೆ. ಬೇಕರಿಯ ಕೇಕ್ ಮೇಲಿನ ಹೊಳಪಿನ ಕಂದು ಲೇಪ ಬಹುಪಾಲು ಇದೇ. ಅಗ್ಗ, ಬಿಸಿಲಿಗೆ ಬೇಗ ಕರಗದು, ಬಾಯಲ್ಲಿ ಮೇಣದ ಹಾಗೆ ಅಂಟುತ್ತದೆ. ಕೋಕೋ ಬೆಣ್ಣೆಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಸ್ಟಿಯರಿಕ್ ಆಮ್ಲ. ಅದು ಸ್ಯಾಚುರೇಟೆಡ್ ಆದರೂ ಕೆಟ್ಟ ಕೊಲೆಸ್ಟ್ರಾಲ್ ಅನ್ನು ಏರಿಸುವುದಿಲ್ಲ. ತಾಳೆ ಎಣ್ಣೆಯಲ್ಲಿ ಹೆಚ್ಚಿರುವ ಪಾಮಿಟಿಕ್ ಆಮ್ಲ ಏರಿಸುತ್ತದೆ.

ಎರಡು, ಆಹಾರಕ್ಕೆ ಬೆರೆಸುವ ವಸ್ತುಗಳ ಗುರುತಾದ ಐಎನ್‌ಎಸ್ 500 ಅಥವಾ 501 ಎಂಬ ಸಂಖ್ಯೆ, ಅಥವಾ "ಆಲ್ಕಲೈಸ್ಡ್ ಕೋಕೋ" ಎಂಬ ಮಾತು. ಕಾರಣ ಮುಂದಿನ ಹಂತದಲ್ಲಿದೆ.

ಮೂರು, ಸಕ್ಕರೆರಹಿತ ಎಂಬ ಬಾರ್‌ನಲ್ಲಿ ಮಾಲ್ಟಿಟಾಲ್ ಎಂಬ ಬದಲಿ ಸಿಹಿ, ಅಂದರೆ ಐಎನ್‌ಎಸ್ 965. ಶುಗರ್ ಇರುವವರು ಇದನ್ನೇ ಹುಡುಕಿ ಕೊಳ್ಳುತ್ತಾರೆ. ಇದು ರಕ್ತದ ಸಕ್ಕರೆಯನ್ನು ಕಡಿಮೆ ಏರಿಸುತ್ತದೆ, ಆದರೆ ಏರಿಸದೆ ಇರುವುದಿಲ್ಲ. ಕ್ಯಾಲೊರಿಯೂ ಸಕ್ಕರೆಯ ಅರ್ಧದಷ್ಟು ಇದ್ದೇ ಇದೆ. ಅರ್ಧ ಬಾರ್ ಒಟ್ಟಿಗೆ ತಿಂದರೆ ಹೊಟ್ಟೆ ಉಬ್ಬರ, ಭೇದಿ ಆಗಬಹುದು. ಶುಗರ್ ಇರುವವರಿಗೆ 85% ಬಾರ್‌ನ ಎರಡು ಸಣ್ಣ ತುಂಡು ಇದಕ್ಕಿಂತ ಎಷ್ಟೋ ವಾಸಿ. 10 ಗ್ರಾಂನಲ್ಲಿ ಸಕ್ಕರೆ ಒಂದೂವರೆ ಗ್ರಾಂ ಅಷ್ಟೇ.

ಮಕ್ಕಳಿಗೆ ಹಾಲಿನಲ್ಲಿ ಬೆರೆಸುವ ಚಾಕೊಲೇಟ್ ರುಚಿಯ ಮಾಲ್ಟ್ ಪುಡಿಗಳನ್ನೂ ಇಲ್ಲೇ ಪಟ್ಟಿ ನೋಡಿ ತೂಗಿಬಿಡಿ. ಅವುಗಳಲ್ಲಿ ಕೋಕೋ ರುಚಿಗಷ್ಟೇ. ಇಂಥ ಪೇಯಗಳನ್ನು "ಹೆಲ್ತ್ ಡ್ರಿಂಕ್" ಎಂಬ ವಿಭಾಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ 2024ರ ಏಪ್ರಿಲ್‌ನಲ್ಲಿ ಸೂಚಿಸಿತು.

ಹಂತ 3: ಕೋಕೋ ಪುಡಿಯಾದರೆ ಬಣ್ಣ ನೋಡಿ ಮೋಸಹೋಗಬೇಡಿ

ಬಾರ್‌ಗಿಂತ ಪುಡಿಯೇ ಒಳ್ಳೆಯ ದಾರಿ. ಕೊಬ್ಬು ಹೆಚ್ಚಿನದು ಹೋಗಿರುತ್ತದೆ, ಸಕ್ಕರೆ ನಿಮ್ಮ ಕೈಯಲ್ಲಿರುತ್ತದೆ, ಬೆಲೆಯೂ ಕೈಗೆಟಕುತ್ತದೆ. ಆದರೆ ಪುಡಿಯಲ್ಲಿ ಎರಡು ಜಾತಿ.

ಹಿಂಡಿದ ಕೋಕೋವನ್ನು ಹಾಗೆಯೇ ಪುಡಿ ಮಾಡಿದರೆ ಸಹಜ ಪುಡಿ. ಅದು ತಿಳಿಗಂದು, ರುಚಿ ಹುಳಿ-ಒಗರು. 19ನೆಯ ಶತಮಾನದಲ್ಲಿ ಹಾಲೆಂಡಿನ ವಾನ್ ಹೌಟೆನ್ ಕುಟುಂಬ ಇದನ್ನು ಕ್ಷಾರದಲ್ಲಿ ಸಂಸ್ಕರಿಸುವ ವಿಧಾನ ಕಂಡುಹಿಡಿಯಿತು. ಸೋಡಾ ಅಥವಾ ಪೊಟ್ಯಾಸಿಯಂ ಕಾರ್ಬೊನೇಟ್ ಸೇರಿಸಿದರೆ ಹುಳಿ ಹೋಗುತ್ತದೆ, ಬಣ್ಣ ಗಾಢವಾಗುತ್ತದೆ, ಹಾಲಿನಲ್ಲಿ ಚೆನ್ನಾಗಿ ಬೆರೆಯುತ್ತದೆ. ಇದೇ ಆಲ್ಕಲೈಸ್ಡ್ ಅಥವಾ ಡಚ್ ಕೋಕೋ. ಒಗರಿನ ಜೊತೆ ಫ್ಲೇವನಾಲ್ ಕೂಡ ಹೋಗಿರುತ್ತದೆ.

ಎಷ್ಟು ಹೋಗುತ್ತದೆ? 2008ರಲ್ಲಿ ಪ್ರಕಟವಾದ ಒಂದು ಅಳತೆಯಲ್ಲಿ ಸಹಜ ಪುಡಿಗಳ ಪ್ರತಿ ಗ್ರಾಂಗೆ ಸರಾಸರಿ 34.6 ಮಿಲಿಗ್ರಾಂ ಫ್ಲೇವನಾಲ್ ಇತ್ತು. ಸ್ವಲ್ಪ ಕ್ಷಾರ ಹಾಕಿದ್ದರಲ್ಲಿ 13.8, ಮಧ್ಯಮದಲ್ಲಿ 7.8, ಗಾಢವಾಗಿ ಸಂಸ್ಕರಿಸಿದ್ದರಲ್ಲಿ 3.9. ರಕ್ತನಾಳಕ್ಕೆ ಉಪಯೋಗವಾಗಬೇಕಾದರೆ ದಿನಕ್ಕೆ 200 ಮಿಲಿಗ್ರಾಂ ಫ್ಲೇವನಾಲ್ ಬೇಕು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಹೇಳಿದೆ. ಆ ಅಳತೆಯ ಲೆಕ್ಕದಲ್ಲಿ ಸಹಜ ಪುಡಿ 6 ಗ್ರಾಂ ಸಾಕು. ಗಾಢ ಕಪ್ಪು ಪುಡಿಯಾದರೆ 50 ಗ್ರಾಂ ಬೇಕಾದೀತು. ಕಪ್ಪಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ತಲೆಕೆಳಗು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ 2023ರಲ್ಲಿ ಹೃದಯಕ್ಕೆ ಒಳ್ಳೆಯದಿರಬಹುದು ಎಂದು ಡಬ್ಬಿಯ ಮೇಲೆ ಬರೆದುಕೊಳ್ಳಲು ಅವಕಾಶ ಕೊಟ್ಟದ್ದು ಫ್ಲೇವನಾಲ್ ಶೇ. 4ಕ್ಕಿಂತ ಕಡಿಮೆಯಿಲ್ಲದ ಕೋಕೋ ಪುಡಿಗೆ ಮಾತ್ರ. ಅದೂ "ಸಾಕ್ಷ್ಯ ಬಹಳ ಸೀಮಿತ" ಎಂಬ ಒಕ್ಕಣೆಯೊಂದಿಗೆ. ಮಾಮೂಲಿ ಕೋಕೋ ಪುಡಿಗೂ ಚಾಕೊಲೇಟಿಗೂ ಆ ಅವಕಾಶವಿಲ್ಲ.

ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿಲ್ಲವೇ? ಮನೆಯಲ್ಲೇ ನೋಡಿ. ಒಂದು ಚಮಚ ಪುಡಿಗೆ ನಾಲ್ಕು ಚಮಚ ಬಿಸಿನೀರು ಹಾಕಿ ಕಲಸಿ, ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿ. ಸಹಜ ಪುಡಿಯಲ್ಲಿ ಹುಳಿ ಇರುವುದರಿಂದ ಸಣ್ಣ ನೊರೆ ಏಳುತ್ತದೆ, ಬಣ್ಣ ಕಪ್ಪೇರುತ್ತದೆ. ಆಲ್ಕಲೈಸ್ಡ್ ಪುಡಿ ಸುಮ್ಮನಿರುತ್ತದೆ. ಮನೆಯಲ್ಲಿ ಕೇಕ್ ಮಾಡುವಾಗ ಅಡುಗೆ ಸೋಡಾ ಹಾಕಿದರೂ ಫ್ಲೇವನಾಲ್ ಹೀಗೆಯೇ ಹಾಳಾಗುತ್ತದೆ. ಬೇಕಿಂಗ್ ಪೌಡರ್ ಹಾಕಿದರೆ ಬಹುಪಾಲು ಉಳಿಯುತ್ತದೆ.

ಕುಡಿಯಲು ಹೀಗೆ ಮಾಡಿ: 5 ಗ್ರಾಂ ಪುಡಿ, ಅಂದರೆ ಟೀ ಚಮಚದಲ್ಲಿ ಮಟ್ಟಸವಾಗಿ ಎರಡೂವರೆ. ಇದಕ್ಕೆ ಮೊದಲು ಎರಡು ಚಮಚ ಬಿಸಿನೀರು ಮಾತ್ರ ಹಾಕಿ ಗಂಟಿಲ್ಲದಂತೆ ಅರೆಯಿರಿ. ಕೋಕೋದಲ್ಲಿ ಉಳಿದಿರುವ ಕೊಬ್ಬು ನೀರನ್ನು ದೂಡುವುದರಿಂದ, ಒಮ್ಮೆಲೇ ಲೋಟ ತುಂಬ ಸುರಿದರೆ ಪುಡಿ ಉಂಡೆಕಟ್ಟಿ ತೇಲುತ್ತದೆ. ಆಮೇಲೆ 150 ಮಿಲಿ ಬಿಸಿನೀರು ಅಥವಾ ಹಾಲು, ಬೇಕಿದ್ದರೆ ಒಂದು ಚಮಚ ಬೆಲ್ಲದ ಪುಡಿ, ಏಲಕ್ಕಿ. ಪುಡಿ ಕರಗುವಂಥದ್ದಲ್ಲ, ತಳಕ್ಕೆ ಇಳಿಯುತ್ತದೆ. ಕುಡಿಯುವಾಗ ಕಲಕುತ್ತಿರಿ, ತಳದ ಗಸಿ ಬಿಡಬೇಡಿ. ಹಾಲು ಫ್ಲೇವನಾಲ್ ಅನ್ನು ತಡೆಯುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ನೀರಿನಲ್ಲಿ ಕುಡಿಯಲು ಆಗುವವರು ನೀರಿನಲ್ಲೇ ಕುಡಿಯಲಿ.

ಹಂತ 4: ತೂಕ ಮಾಡಿ, ಅಂದಾಜು ಬೇಡ

ದಿನಕ್ಕೆ 10ರಿಂದ 20 ಗ್ರಾಂ ಚಾಕೊಲೇಟ್ ಅಥವಾ 5 ಗ್ರಾಂ ಸಹಜ ಪುಡಿ. ಎರಡರಲ್ಲಿ ಒಂದು ಮಾತ್ರ. ಮೊದಲ ದಿನ ಬಾರ್ ಬಿಚ್ಚಿ ಒಂದು ತುಂಡು ಎಷ್ಟು ತೂಗುತ್ತದೆ ನೋಡಿ, ಹೊದಿಕೆಯ ಮೇಲೆ ಪೆನ್ನಿನಲ್ಲಿ ಬರೆದಿಡಿ. ಮುಂದೆ ಎಣಿಸಿದರೆ ಸಾಕು.

70–85% ಚಾಕೊಲೇಟಿನ 20 ಗ್ರಾಂನಲ್ಲಿ ಏನೇನಿದೆ: ಸುಮಾರು 120 ಕ್ಯಾಲೊರಿ, ಎಂಟೂವರೆ ಗ್ರಾಂ ಕೊಬ್ಬು, 5 ಗ್ರಾಂ ಸಕ್ಕರೆ, 2 ಗ್ರಾಂ ನಾರು, 45 ಮಿಲಿಗ್ರಾಂ ಮೆಗ್ನೀಸಿಯಂ, 16 ಮಿಲಿಗ್ರಾಂ ಕೆಫೀನ್. ಅಷ್ಟೇ ತೂಕದ ಮಿಲ್ಕ್ ಚಾಕೊಲೇಟಿನಲ್ಲಿ ಕ್ಯಾಲೊರಿ ತುಸು ಕಡಿಮೆ, ಸಕ್ಕರೆ ಮಾತ್ರ ಎರಡರಷ್ಟು.

100 ಗ್ರಾಂನ ಇಡೀ ಬಾರ್ ತಿಂದರೆ ಸುಮಾರು 600 ಕ್ಯಾಲೊರಿ, ಒಂದು ಹೊತ್ತಿನ ಊಟದಷ್ಟು. ಹೆಚ್ಚು ತಿಂದರೆ ಹೆಚ್ಚು ಗುಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ಕಾರಣವೂ ಇದೆ: ಲೋಹ. ಕೋಕೋ ಮರ ಮಣ್ಣಿನಿಂದ ಕ್ಯಾಡ್ಮಿಯಂ ಹೀರುತ್ತದೆ. ಬೀಜವನ್ನು ರಸ್ತೆಬದಿಯಲ್ಲಿ, ಬಯಲಿನಲ್ಲಿ ಒಣಗಿಸುವಾಗ ಧೂಳಿನ ಜೊತೆ ಸೀಸ ಸೇರುತ್ತದೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2022ರಲ್ಲಿ 28 ಡಾರ್ಕ್ ಬಾರ್‌ಗಳನ್ನು ಪರೀಕ್ಷಿಸಿದಾಗ ಎಲ್ಲದರಲ್ಲೂ ಇವು ಕಂಡವು. ಅವುಗಳ ಪೈಕಿ 23 ಬಾರ್‌ಗಳಲ್ಲಿ, ದಿನಕ್ಕೆ ಒಂದು ಔನ್ಸ್, ಅಂದರೆ 28 ಗ್ರಾಂ ತಿಂದರೂ ಹೆಚ್ಚಾಯಿತು ಎನ್ನುವ ಮಟ್ಟದಲ್ಲಿದ್ದವು. ಈ ಲೋಹಗಳೂ ಕಂದು ಭಾಗದಲ್ಲೇ ಇರುವುದರಿಂದ ಕೋಕೋ ಹೆಚ್ಚಾದಷ್ಟೂ ಇವೂ ಹೆಚ್ಚು. ಹೆದರಿ ಬಿಡಬೇಕಾಗಿಲ್ಲ, ಆದರೆ ಮಿತಿ ಮೀರಬೇಡಿ. ಒಂದೇ ಬ್ರಾಂಡಿಗೆ ಅಂಟಿಕೊಳ್ಳದೆ ತಿಂಗಳಿಗೊಮ್ಮೆ ಬದಲಿಸಿ, ವಾರದಲ್ಲಿ ಎರಡು ದಿನ ಬಿಡಿ. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಡಾರ್ಕ್ ಚಾಕೊಲೇಟ್ ದಿನನಿತ್ಯದ ಆಹಾರ ಆಗುವುದು ಬೇಡ.

ಹಂತ 5: ಏನನ್ನು ಬಿಡುತ್ತೀರಿ ಎಂದು ಮೊದಲೇ ತೀರ್ಮಾನಿಸಿ

ಹೆಚ್ಚಿನವರು ಸೋಲುವುದು ಈ ಹಂತದಲ್ಲಿ. ಕಾಫಿಗೆ ಎರಡು ಚಮಚ ಸಕ್ಕರೆ, ಸಂಜೆ ಬಿಸ್ಕತ್ತು, ರಾತ್ರಿ ಬಾಳೆಹಣ್ಣಿನ ಜೊತೆ ಒಂದು ಉಂಡೆ, ಇವೆಲ್ಲ ಹಾಗೆಯೇ ಇದ್ದು ಮೇಲೊಂದು ಚಾಕೊಲೇಟ್ ಸೇರುತ್ತದೆ. ದಿನಕ್ಕೆ 120 ಕ್ಯಾಲೊರಿ ಹೆಚ್ಚಾದರೆ ತಿಂಗಳಿಗೆ 3,600. ಅದು ಸುಮಾರು ಅರ್ಧ ಕಿಲೋ ಕೊಬ್ಬಿಗೆ ಸಮ. ಅರ್ಧ ಕಿಲೋ ತೂಕ ತಿಂಗಳು ತಿಂಗಳೂ ಏರಿದರೆ ಬಿಪಿಗೆ ಯಾವ ಫ್ಲೇವನಾಲ್ ಕೂಡ ಒದಗುವುದಿಲ್ಲ.

ನಾಲ್ಕು ಬಿಸ್ಕತ್ತು ಬಿಟ್ಟು 15 ಗ್ರಾಂ ಚಾಕೊಲೇಟ್. ಅಥವಾ ಒಂದು ಮೈಸೂರು ಪಾಕ್ ಬಿಟ್ಟು 20 ಗ್ರಾಂ. ಬದಲಿಗೆ ಏನನ್ನು ಬಿಡಬೇಕೆಂದು ಹೊಳೆಯದಿದ್ದರೆ ಶುರು ಮಾಡಬೇಡಿ. ಚಾಕೊಲೇಟ್ ತಿನ್ನದಿದ್ದರೆ ಆರೋಗ್ಯಕ್ಕೆ ಏನೂ ಕೊರತೆಯಾಗದು. ಚಹಾ, ಸೇಬು, ದ್ರಾಕ್ಷಿ, ಹುರುಳಿಕಾಳು ಇವುಗಳಲ್ಲೂ ಒಗರು ವಸ್ತುಗಳಿವೆ.

ಹೊತ್ತು: ಮಧ್ಯಾಹ್ನದ ಊಟವಾದ ಮೇಲೆ ಅಥವಾ ಸಂಜೆ ನಾಲ್ಕರ ಒಳಗೆ. ಕೆಫೀನ್ ಕಾಫಿಗಿಂತ ಬಹಳ ಕಡಿಮೆ, ಆದರೆ ಕೋಕೋದಲ್ಲಿ ಥಿಯೋಬ್ರೊಮಿನ್ ಎಂಬ ಅದರ ಸೋದರ ವಸ್ತು 20 ಗ್ರಾಂಗೆ 160 ಮಿಲಿಗ್ರಾಂನಷ್ಟಿದೆ. ಇದು ಮೆದುವಾಗಿ, ಹಲವು ಗಂಟೆಗಳ ಕಾಲ ಹೃದಯವನ್ನು ತಟ್ಟುತ್ತಿರುತ್ತದೆ. ನಿದ್ದೆ ತೆಳುವಾಗಿರುವವರು ರಾತ್ರಿ ತಿಂದರೆ ಹೊರಳಾಡುತ್ತಾರೆ. ತಿಂದ ಮೇಲೆ ಬಾಯಿ ಮುಕ್ಕಳಿಸಿ. ಇದು ಹಲ್ಲಿಗೆ ಅಂಟುವ ಪದಾರ್ಥ.

ಶುಗರ್ ಇರುವವರು ಬರಿಹೊಟ್ಟೆಯಲ್ಲಿ ತಿನ್ನಬೇಡಿ. ಮೊದಲ ಸಲ 10 ಗ್ರಾಂ ತಿಂದು ಎರಡು ಗಂಟೆಯ ಬಳಿಕ ಯಂತ್ರದಲ್ಲಿ ನೋಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ: ಸಕ್ಕರೆ ಇಳಿದು ಬೆವರು, ನಡುಕ ಬಂದಾಗ ಚಾಕೊಲೇಟ್ ಕೊಡಬೇಡಿ. ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಆಗ ಬೇಕಾದದ್ದು ಗ್ಲೂಕೋಸ್ ಅಥವಾ ಸಕ್ಕರೆ ನೀರು.

ಹಂತ 6: ನಾಲಿಗೆಯನ್ನು ನಿಧಾನವಾಗಿ ಒಗ್ಗಿಸಿ

ಮಿಲ್ಕ್ ಚಾಕೊಲೇಟಿನಿಂದ ನೇರ 85%ಗೆ ಹಾರಿದವರು ಎರಡನೆಯ ದಿನವೇ ಬಾರ್ ಅನ್ನು ಫ್ರಿಜ್‌ನ ಮೂಲೆಗೆ ತಳ್ಳುತ್ತಾರೆ. ಎರಡು ವಾರ 50–55%, ಆಮೇಲೆ ಎರಡು ವಾರ 60–65%, ನಂತರ 70%. ಹಾಗಲಕಾಯಿ ಗೊಜ್ಜು, ಮೆಂತ್ಯದ ಕಹಿ ಗೊತ್ತಿರುವ ನಾಲಿಗೆಗೆ ಇದು ದೊಡ್ಡ ವಿಷಯವೇನಲ್ಲ. ಅಗಿದು ನುಂಗಬೇಡಿ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ, ಅಂದರೆ ನಮ್ಮ ಬಾಯಿಯ ಬಿಸಿಯಲ್ಲೇ ಕರಗುತ್ತದೆ. ನಾಲಿಗೆಯ ಮೇಲೆ ಬಿಟ್ಟರೆ ಕಹಿ ಒಮ್ಮೆಲೇ ಎರಗುವುದಿಲ್ಲ, ಒಂದು ತುಂಡಿಗೇ ತೃಪ್ತಿಯಾಗುತ್ತದೆ. 70%ರಲ್ಲಿ ನಿಂತರೆ ಸಾಕು, ಮೇಲಕ್ಕೆ ಹೋಗಲೇಬೇಕೆಂದಿಲ್ಲ.

ತೋಟದಲ್ಲೇ ಕೊಕ್ಕೊ ಇರುವವರಿಗೆ

ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೊಕ್ಕೊ, ಅಂದರೆ ಇದೇ ಕೋಕೋ, ಉಪಬೆಳೆ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದೂ ಈ ಬೆಳೆಯನ್ನು ನಂಬಿಯೇ. ಮನೆಯಲ್ಲೇ ಬೀಜ ಹುರಿದು ತಿನ್ನಬಹುದೇ ಎಂದು ಅಲ್ಲಿನವರು ಕೇಳುವುದುಂಟು. ತಿನ್ನಬಹುದು, ಮೂರು ಕೆಲಸ ತಪ್ಪಿಸಬೇಡಿ.

ಹಣ್ಣಿನಿಂದ ತೆಗೆದ ಲೋಳೆಬೀಜವನ್ನು ಬಾಳೆಲೆ ಮುಚ್ಚಿ ಐದಾರು ದಿನ ಹುಳಿಬರಿಸಿ, ನಡುವೆ ಒಂದೆರಡು ಸಲ ಮಗುಚಿ. ಹುಳಿಬರಿಸುವಾಗ ಸ್ವಲ್ಪ ಫ್ಲೇವನಾಲ್ ಹೋಗುತ್ತದೆ ನಿಜ, ಆದರೆ ಹುಳಿಬರಿಸದ ಬೀಜ ಬಾಯಿಗಿಡಲಾಗದಷ್ಟು ಒಗರು, ಚಾಕೊಲೇಟಿನ ಪರಿಮಳವೂ ಹುಟ್ಟದು. ಆಮೇಲೆ ಒಣಗಿಸುವುದು. ಅಂಗಳದ ನೆಲದಲ್ಲಿ ಹರಡಬೇಡಿ, ನೆಲದಿಂದ ಎತ್ತರದ ತಟ್ಟಿಯ ಮೇಲೆ ಹರಡಿ. ಮುಷ್ಟಿಯಲ್ಲಿ ಹಿಡಿದು ಅಮುಕಿದರೆ ಚಟಚಟ ಎನ್ನಬೇಕು. ಮಳೆಗಾಲದಲ್ಲಿ ಅರೆಒಣಗಿ ಬೂಷ್ಟು ಹಿಡಿದ ಬೀಜವನ್ನು ಎಸೆದುಬಿಡಿ, ಬೂಷ್ಟಿನ ವಿಷ ಹುರಿದರೂ ಹೋಗದು.

ಕೊನೆಗೆ ಒಲೆಯಲ್ಲಾದರೆ ಸಣ್ಣ ಉರಿ, ಓವನ್‌ನಲ್ಲಾದರೆ 120–130 ಡಿಗ್ರಿ, 20ರಿಂದ 30 ನಿಮಿಷ. ಹಸಿಬೀಜವೇ ಶ್ರೇಷ್ಠ ಎಂದು ಹುರಿಯದೆ ತಿನ್ನುವವರಿದ್ದಾರೆ, ಅದು ಬೇಡ. ಹುಳಿಬರಿಸಿ ಬಯಲಿನಲ್ಲಿ ಒಣಗಿಸಿದ ಬೀಜದ ಮೇಲೆ ರೋಗಾಣುಗಳಿರಬಹುದು. ಆರಿದ ಮೇಲೆ ಸಿಪ್ಪೆಯನ್ನು ಪೂರ್ತಿ ತೆಗೆದು ಗೇರಿ, ಸೀಸ ಮತ್ತು ಕೊಳೆ ಹೆಚ್ಚಿರುವುದು ಸಿಪ್ಪೆಯಲ್ಲೇ. ಉಳಿದ ನುಚ್ಚಿಗೆ ನಿಬ್ಸ್ ಎನ್ನುತ್ತಾರೆ. ದಿನಕ್ಕೆ 10 ಗ್ರಾಂ ಸಾಕು, ಅದರಲ್ಲಿ ಅರ್ಧದಷ್ಟು ಕೊಬ್ಬೇ. ಮೊಸರಿಗೆ, ಹಣ್ಣಿನ ತುಂಡುಗಳ ಮೇಲೆ ಉದುರಿಸಿಕೊಳ್ಳಬಹುದು.

ಉಳಿದ ಪ್ರಶ್ನೆಗಳು

ತೂಕ ಇಳಿಯುತ್ತದೆಯೇ? ಇಲ್ಲ. 2015ರಲ್ಲಿ ಪತ್ರಕರ್ತ ಜಾನ್ ಬೊಹಾನನ್ ಹದಿನೈದೇ ಜನರ ಮೇಲೆ ಬೇಕೆಂತಲೇ ದುರ್ಬಲ ಪ್ರಯೋಗ ಮಾಡಿ, ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂದು ಪ್ರಕಟಿಸಿ, ಹಲವು ದೇಶಗಳ ಪತ್ರಿಕೆಗಳು ಅದನ್ನು ಅಚ್ಚುಹಾಕಿದ ಮೇಲೆ ಸತ್ಯ ಹೇಳಿದರು. ಆ ಸುದ್ದಿ ಇಂದಿಗೂ ಮೊಬೈಲಿನಲ್ಲಿ ತಿರುಗಿದರೆ ನಂಬಬೇಡಿ.

ನೆನಪಿನ ಶಕ್ತಿ? ಕಾಸ್ಮಾಸ್‌ನದೇ ಎರಡು ಉಪಪ್ರಯೋಗಗಳು ಎರಡು ಉತ್ತರ ಕೊಟ್ಟಿವೆ. ಒಂದರಲ್ಲಿ ಲಾಭ ಕಾಣಲಿಲ್ಲ, ಇನ್ನೊಂದರಲ್ಲಿ ಮೊದಲೇ ಸರಿಯಾದ ಆಹಾರವಿಲ್ಲದವರಿಗೆ ಮಾತ್ರ ತುಸು ಸುಧಾರಿಸಿತು.

ಮೊಡವೆ? ಡಾರ್ಕ್ ಚಾಕೊಲೇಟ್ ತಿಂದಾಗ ಮೊಡವೆ ಹೆಚ್ಚಾದದ್ದು ಕೆಲವು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಮೊಡವೆಯ ಮೈಯವರು ಒಂದು ತಿಂಗಳು ಬಿಟ್ಟು ನೋಡಿ.

ಮೇಲೆ ಬಿಳಿ ಪುಡಿ ಕಟ್ಟಿದೆ, ಕೆಟ್ಟಿದೆಯೇ? ಬೂಷ್ಟು ಬಂದರೆ ಎಳೆ ಎಳೆಯಾಗಿ ಹತ್ತಿಯ ಹಾಗಿರುತ್ತದೆ, ಎಸೆಯಿರಿ. ಬೂದಿ ಬಳಿದಂತೆ ನುಣುಪಾಗಿದ್ದರೆ ಅದು ಕರಗಿ ಮತ್ತೆ ಗಟ್ಟಿಯಾದ ಕೋಕೋ ಬೆಣ್ಣೆ, ತಿನ್ನಬಹುದು. ಒರಟು ಹರಳಿನಂತಿದ್ದರೆ ತೇವಕ್ಕೆ ಮೇಲೆದ್ದ ಸಕ್ಕರೆ, ಅದನ್ನೂ ತಿನ್ನಬಹುದು. ಕರಾವಳಿಯ, ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ಹೊರಗಿಟ್ಟರೆ ಇದು ತಪ್ಪದು. ಬೆಳ್ಳಿಹಾಳೆಯಲ್ಲಿ ಸುತ್ತಿ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್‌ನ ಕೆಳಗಿನ ಖಾನೆಯಲ್ಲಿಡಿ. ಡಬ್ಬಿಯಿಲ್ಲದೆ ಇಟ್ಟರೆ ಇಂಗು, ಮಸಾಲೆಯ ವಾಸನೆಯನ್ನೆಲ್ಲ ಕೋಕೋ ಬೆಣ್ಣೆ ಹೀರಿಕೊಳ್ಳುತ್ತದೆ. ತಿನ್ನುವ ಮುಂಚೆ ಡಬ್ಬಿಯನ್ನು ಮುಚ್ಚಿದಂತೆಯೇ ಅರ್ಧ ಗಂಟೆ ಹೊರಗಿಡಿ, ಇಲ್ಲದಿದ್ದರೆ ತಣ್ಣನೆಯ ಬಾರ್ ಮೇಲೆ ನೀರು ಹನಿಯುತ್ತದೆ.

ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಅದಕ್ಕೆ ಎಟಕದ ಕಪಾಟಿನಲ್ಲಿರಲಿ. ಥಿಯೋಬ್ರೊಮಿನ್ ನಾಯಿಯ ದೇಹದಿಂದ ಬೇಗ ಹೊರಹೋಗದು. ನಮಗೆ ಹಿತವಾದ 70% ಬಾರ್ ಸಣ್ಣ ನಾಯಿಗೆ ವಿಷ. ಕೋಕೋ ಪುಡಿಯಾದರೆ ಇನ್ನೂ ಕಡಿಮೆ ಸಾಕು. ತಿಂದದ್ದು ಗೊತ್ತಾದರೆ ವಾಂತಿ, ನಡುಕ ಶುರುವಾಗುವವರೆಗೆ ಕಾಯದೆ, ಹೊದಿಕೆಯನ್ನೂ ಜೊತೆಗೆ ತೆಗೆದುಕೊಂಡು ಪಶುವೈದ್ಯರ ಬಳಿ ಹೋಗಿ. ಎಷ್ಟು ಶೇಕಡಾ, ಎಷ್ಟು ಗ್ರಾಂ ಎಂಬುದನ್ನೇ ಅವರು ಮೊದಲು ಕೇಳುತ್ತಾರೆ.